ಬಾಗಿಲು ಮುಚ್ಚಿಸಿದ ಕವಿತೆ

ಜೂನ್ 9

ಎಲ್ಲದಕ್ಕೂ ವಾದ ಹೂಡುವ ನಮ್ಮ ವಕೀಲಮ್ಮನಿಗೆ ಅಜ್ಜನ ಆಶೀರ್ವಾದ.

ವಿಷಯ: ಕವಿತೆಯನ್ನು ಸ್ಪರ್ಧೆಗೆ ಕಳುಹಿಸುವುದಿಲ್ಲವೆಂದು ನೀನು ಮಾಡಿರುವ ತೀರ್ಮಾನವನ್ನು ಮರುಪರಿಶೀಲಿಸುವ ಕುರಿತು.

ಮೇಲ್ಕಾಣಿಸಿದ ವಿಷಯದಲ್ಲಿ ನಿನಗೆ ತಿಳಿಯಪಡಿಸುವುದೇನೆಂದರೆ, ನಿನ್ನ ಪತ್ರವೂ ಅದರೊಳಗೆ ಮಡಚಿಟ್ಟಿದ್ದ ಸ್ಪರ್ಧೆಯ ಪ್ರಕಟಣೆಯೂ ಕವಿತೆಯೂ ಕೈಸೇರಿದವು. ಫೋನಿನಲ್ಲಿ ನನಗೆ ಅರ್ಧ ಮಾತು ಮಾತ್ರ ಕೇಳಿಸುತ್ತದೆ, ಉಳಿದರ್ಧವನ್ನು ನಾನೇ ಕಲ್ಪಿಸಿಕೊಂಡು ಉತ್ತರ ಕೊಡುತ್ತೇನೆಂದು ನಿನ್ನ ಮಾವ ದೂರುತ್ತಾನೆ. ಆದ್ದರಿಂದ ನಮ್ಮಿಬ್ಬರ ನಡುವೆ ಕಾಗದವೇ ಸರಿ.

ಪ್ರಕಟಣೆಯನ್ನು ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ಓದಿದೆ. ಪ್ರಾಂತ್ಯದ ಹದಿಹರೆಯದ ಮಕ್ಕಳು ತಾವಿರುವ ಬೀದಿಯ ಒಂದು ಕೊರತೆಯನ್ನು ಕುರಿತು ಕವಿತೆ ಬರೆಯಬೇಕು. ಕಳುಹಿಸುವ ಮೊದಲು ಅದನ್ನು ಆ ಬೀದಿಯವರ ಮುಂದೆ ಓದಬೇಕು. ಬಡಾವಣೆಯ ಸುತ್ತಿನಲ್ಲಿ ಗೆದ್ದ ಮಗು ಒಂದು ವರ್ಷ ಬಡಾವಣೆಯ ಕಿಶೋರ ಪ್ರತಿನಿಧಿಯಾಗುತ್ತದೆ, ಮತ್ತು ಪ್ರಾಂತ್ಯದ ಅಂತಿಮ ಸುತ್ತಿನ ಸಮಾರಂಭಕ್ಕೆ ಮೊದಲೇ ಪುರಸಭೆಯು ಆ ಕವಿತೆಯ ಕೋರಿಕೆಯನ್ನು ಕೈಗೆತ್ತಿಕೊಳ್ಳುತ್ತದೆ. ಮಕ್ಕಳಲ್ಲಿ ನಾಯಕತ್ವ ಬೆಳೆಸುವುದೇ ಉದ್ದೇಶವೆಂದು ದಪ್ಪಕ್ಷರದಲ್ಲಿ ಹಾಕಿದ್ದಾರೆ. ನಾನು ಜೀವಮಾನವಿಡೀ ಕಚೇರಿಯ ಹೊರಗಿನ ಮೇಜಿನ ಬಳಿ ಕುಳಿತು ಬೇರೆಯವರ ಅರ್ಜಿಗಳನ್ನು ಶುದ್ಧಪ್ರತಿ ಮಾಡಿದವನು. ಓದಿದ್ದು ಕಡಿಮೆ, ಬರೆದದ್ದು ಬಹಳ. ಆ ಅನುಭವದಿಂದ ಹೇಳುತ್ತೇನೆ: ಅಧಿಕಾರಿಗಳು ತಾವಾಗಿಯೇ ಕೇಳಿ ಎಂದು ಕರೆಯುವ ಸಂದರ್ಭ ಅಪರೂಪ. ಅದನ್ನು ಬಿಡಬಾರದು.

ಅಮ್ಮ ಸಿಟ್ಟಾಗುತ್ತಾಳೆಂದು ನೀನು ಹೆದರಿದ್ದೀಯೆ. ನಿನ್ನ ಅಪ್ಪ ತೀರಿಕೊಂಡ ಮೇಲೆ ನಿನ್ನಮ್ಮ ಆ ಲಾಂಡ್ರಿಯ ಬ್ಲೀಚಿನ ತೊಟ್ಟಿಯ ಪಕ್ಕದಲ್ಲಿ ನಿಂತವಳು ಇವತ್ತಿನವರೆಗೂ ಕದಲಿಲ್ಲ. ನನ್ನ ಮಗಳು ಎಂತಹ ಗಟ್ಟಿಗಿತ್ತಿ ಎಂದು ನನಗೆ ಗೊತ್ತು. ಅವಳು ಕೆಮ್ಮುತ್ತಾಳೆಂದು ಅವಳು ನನಗೆ ತಿಳಿಸಿಲ್ಲ, ನಿನ್ನ ಕವಿತೆಯೇ ತಿಳಿಸಿತು.

ಊರಿನ ಆಸ್ಪತ್ರೆಯ ಗಾಯಗಳೆಲ್ಲ
ನಮ್ಮ ಬೀದಿಗೆ ಬಂದು ಬಿಳಿಯಾಗಿ ಮರಳುತ್ತವೆ.
ಒಗೆದು ಹೋಗದೆ ಉಳಿದದ್ದು
ಅಮ್ಮನ ಎದೆಯಲ್ಲಿ ಕೂತಿದೆ.

ಇದನ್ನು ಓದಿ ನಾನು ಸ್ವಲ್ಪ ಹೊತ್ತು ಕಾಗದವನ್ನು ಮಗುಚಿಟ್ಟೆ. ಕೊನೆಯ ಸಾಲುಗಳೂ ಚೆನ್ನಾಗಿವೆ: ‘ಒಂದು ಕಿಟಕಿ ಇದ್ದಿದ್ದರೆ ಅವಳು ಕೆಮ್ಮುವುದನ್ನು ಗಾಳಿಯಾದರೂ ಕೇಳುತ್ತಿತ್ತು.’ ಆದರೆ ವಕೀಲಮ್ಮ, ಇಲ್ಲಿ ಒಂದು ಲೋಪವಿದೆ. ಇದು ನಿಟ್ಟುಸಿರು ಬಿಡುತ್ತದೆಯೇ ಹೊರತು ಏನನ್ನೂ ಕೇಳುವುದಿಲ್ಲ. ಇಂಥದ್ದನ್ನು ಕಚೇರಿಯಲ್ಲಿ ‘ಅವಗಾಹನೆಗೆ’ ಎಂದು ಬರೆದು ಮೂಲೆಗೆ ಹಾಕುತ್ತಾರೆ. ಕೇಳಬೇಕು. ಕೇಳುವಾಗ ಬೇಕಾದದ್ದಕ್ಕಿಂತ ಹೆಚ್ಚು ಕೇಳಬೇಕು. ಬೀದಿಗೆ ಒಂದು ದೀಪ ಬೇಕಿದ್ದವರಿಂದ ನಾವು ಬೀದಿಯುದ್ದಕ್ಕೂ ದೀಪ ಕೇಳಿಸುತ್ತಿದ್ದೆವು. ಸೂರಿಗೆ ತಗಡು ಬೇಕಿದ್ದ ಮುದುಕಿಯಿಂದ ಮನೆಯನ್ನೇ ಕೇಳಿಸುತ್ತಿದ್ದೆವು. ಮೇಲಿನವರು ಕತ್ತರಿಸಿಯೇ ಕೊಡುತ್ತಾರೆ. ಕತ್ತರಿಸಿದರೆ ಮಾತ್ರ ತಾವು ಅರ್ಜಿಯನ್ನು ಓದಿದ್ದೇವೆಂದು ಅವರಿಗೆ ಸಮಾಧಾನ. ಆದ ಕಾರಣ ಕಿಟಕಿ ಬೇಕಿದ್ದರೆ ಬಾಗಿಲು ಮುಚ್ಚಿ ಎಂದು ಕೇಳು. ನನ್ನ ಸೂಚನೆ ಹೀಗಿದೆ:

ಮುಚ್ಚಿ ಆ ಬಾಗಿಲನ್ನು,
ಗಾಳಿಗೆ ದಾರಿ ಸಿಗುವ ತನಕ.

ಪ್ರಾಸವಿಲ್ಲದಿದ್ದರೂ ಕೋರಿಕೆ ಸ್ಪಷ್ಟವಾಗಿದೆ. ಮುಂದಿನದನ್ನು ನಿನ್ನ ವಿವೇಚನೆಗೆ ಬಿಟ್ಟಿದ್ದೇನೆ.

ನಿನ್ನ ಉತ್ತರದ ದಾರಿ ನೋಡುತ್ತಿರುವ,
ಅಜ್ಜ


ಜೂನ್ 28

ಅಜ್ಜಾ,

ನಿಮ್ಮ ಎರಡು ಸಾಲುಗಳನ್ನು ಸೇರಿಸಿದೆ. ನನ್ನ ಕಿಟಕಿಯ ಸಾಲನ್ನು ಹೊಡೆದುಹಾಕಿ, ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಂಡೆ. ಆದರೆ ನೀವು ಹೇಳಿದ್ದು ಸರಿ, ಈಗ ಕವಿತೆಗೆ ಬೆನ್ನುಮೂಳೆ ಬಂದಿದೆ.

ಬೀದಿಯವರ ಮುಂದೆ ಓದಬೇಕಿತ್ತಲ್ಲ, ಲಾಂಡ್ರಿಯ ಹಿಂದಿನ ಅಂಗಳದಲ್ಲಿ ಊಟದ ಬಿಡುವಿನಲ್ಲಿ ಓದಿದೆ. ಒಳಗೆ ನೀವು ಒಮ್ಮೆಯೂ ಬಂದಿಲ್ಲ. ಉದ್ದನೆಯ ಒಂದು ಕೋಣೆ. ಒಂದು ತುದಿಯಲ್ಲಿ ಆಸ್ಪತ್ರೆಯ ಬಟ್ಟೆಯ ಮೂಟೆಗಳು, ನಡುವೆ ತೊಟ್ಟಿಗಳು, ಇನ್ನೊಂದು ತುದಿಯಲ್ಲಿ ಇಸ್ತ್ರಿಯ ಮೇಜುಗಳು. ಕಿಟಕಿಯಿಟ್ಟರೆ ಬೀದಿಯ ಧೂಳು ಬಿಳಿ ಬಟ್ಟೆಯ ಮೇಲೆ ಕೂರುತ್ತದೆಂದು ಮಾಲೀಕರು ಕಟ್ಟಿಸುವಾಗಲೇ ಬೇಡವೆಂದಿದ್ದರಂತೆ. ಬ್ಲೀಚಿನ ತೊಟ್ಟಿಯ ಹತ್ತಿರ ಹೋದರೆ ಕಣ್ಣಲ್ಲಿ ಈರುಳ್ಳಿ ಹಿಂಡಿದಂತಾಗುತ್ತದೆ. ಅಮ್ಮನಿಗೆ ಆಗುವುದಿಲ್ಲವಂತೆ. ಅಭ್ಯಾಸ ಅನ್ನುತ್ತಾಳೆ.

ಎಲ್ಲರೂ ಊಟ ಮಾಡುತ್ತಲೇ ಕೇಳಿದರು. ‘ಮುಚ್ಚಿ ಆ ಬಾಗಿಲನ್ನು’ ಅನ್ನುವಲ್ಲಿಗೆ ಬಂದಾಗ ಇಸ್ತ್ರಿ ದೊಡ್ಡಮ್ಮ ನಕ್ಕುಬಿಟ್ಟರು. ಇಸ್ತ್ರಿಯವರಿಗೆಲ್ಲ ಅವರೇ ಹಿರಿಯರು, ಅಮ್ಮನಿಗಿಂತ ಮೊದಲು ಸೇರಿದವರು. “ಮುಚ್ಚಿಸು ಮುಚ್ಚಿಸು, ಆಮೇಲೆ ನಾವೆಲ್ಲ ನಿಮ್ಮ ಮನೇಲೇ ಬಂದು ಚಾಪೆ ಹಾಸ್ತೀವಿ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕೊನೆಗೆ ಕಾಗದದ ಹಿಂದೆ ಸಹಿ ಹಾಕಿಕೊಟ್ಟರು.

ಅಮ್ಮ ನಗಲಿಲ್ಲ. ಮನೆಗೆ ಬಂದ ಮೇಲೆ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಾ, “ಕೊನೇ ಎರಡು ಸಾಲು ನಿಂದಲ್ಲ, ಅದು ನಮ್ಮಪ್ಪಂದು” ಎಂದಳು. ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ, “ಚಿಕ್ಕವಳಿದ್ದಾಗ ನಂಗೆ ಚಪ್ಪಲಿ ಬೇಕು ಅಂದ್ರೆ ನಮ್ಮಮ್ಮನ ಹತ್ರ ಸೈಕಲ್ ಕೇಳು ಅಂತ ಹೇಳಿಕೊಡ್ತಿದ್ರು” ಎಂದಳು. ಕಳುಹಿಸಬೇಡ ಅಂತ ಮಾತ್ರ ಹೇಳಲಿಲ್ಲ. ಇವತ್ತು ಬೆಳಿಗ್ಗೆ ಕಳುಹಿಸಿದೆ.

ನಿಮ್ಮ,
ವಕೀಲಮ್ಮ


ಆಗಸ್ಟ್ 20

ಬಡಾವಣೆಯ ಕಿಶೋರ ಪ್ರತಿನಿಧಿಯವರ ಸನ್ನಿಧಿಗೆ,

ವಿಷಯ: ಹರ್ಷ ವ್ಯಕ್ತಪಡಿಸುವ ಕುರಿತು.

ನಿನ್ನ ಕವಿತೆ ಬಡಾವಣೆಯಲ್ಲಿ ಮೊದಲನೆಯದಾಗಿ ಆಯ್ಕೆಯಾದ ಸುದ್ದಿಯನ್ನು ನಿನ್ನ ಮಾವನ ಬೀಗದ ಕೈ ಅಂಗಡಿಯಲ್ಲಿ ಕುಳಿತು, ಬಂದ ಗಿರಾಕಿಗಳಿಗೆಲ್ಲ ಓದಿ ಹೇಳಿದೆ. ಬೀಗದ ಕೈ ಮಾಡಿಸಲು ಬಂದವರು ಅದು ಸಿದ್ಧವಾದರೂ ಎದ್ದು ಹೋಗಲಾಗದೆ ಕವಿತೆ ಪೂರ್ತಿ ಕೇಳಬೇಕಾಯಿತೆಂದು ನಿನ್ನ ಮಾವ ಗೊಣಗುತ್ತಿದ್ದಾನೆ. ನನಗೆ ನಾಚಿಕೆಯಿಲ್ಲ. ನಮ್ಮ ಮನೆತನದಲ್ಲಿ ಬೇರೆಯವರ ಮಾತನ್ನು ನಕಲು ಮಾಡಿದವರಿದ್ದಾರೆ. ಸ್ವಂತ ಮಾತಿಗೆ ಸರ್ಕಾರದ ಮೊಹರು ಬಿದ್ದದ್ದು ಇದೇ ಮೊದಲು.

ಪ್ರತಿನಿಧಿಯಾದವಳು ಪಾಲಿಸಬೇಕಾದ ಕೆಲವು ಅಂಶಗಳನ್ನು ನಿನ್ನ ಗಮನಕ್ಕೆ ತರುತ್ತೇನೆ. ಅಧಿಕಾರಿಗಳ ಮುಂದೆ ನಿಂತಾಗ ‘ನಾನು’ ಎನ್ನಬೇಡ, ‘ನಾವು’ ಎನ್ನು. ಅವರು ಮಾತಾಡುವಾಗ ತಲೆಯಾಡಿಸಬೇಡ, ತಲೆಯಾಡಿಸಿದರೆ ಒಪ್ಪಿದೆ ಎಂದು ಬರೆದುಕೊಳ್ಳುತ್ತಾರೆ. ಕಿಟಕಿ ಎಷ್ಟು ಅಗಲ, ಎಷ್ಟು ಎತ್ತರದಲ್ಲಿರಬೇಕೆಂದು ಈಗಲೇ ಅಳತೆ ಹಿಡಿದಿಟ್ಟುಕೋ. ಕೊಡುತ್ತೇವೆ ಎಂದಾಗ ತಡವರಿಸಬಾರದು.

ಅಮ್ಮನ ಕೆಮ್ಮಿನ ವಿಚಾರವನ್ನು ನೀನು ಬರೆದಿಲ್ಲ. ಬರೆಯತಕ್ಕದ್ದು.

ಹೆಮ್ಮೆಯಿಂದ ಬೀಗುತ್ತಿರುವ,
ಅಜ್ಜ


ಸೆಪ್ಟೆಂಬರ್ 17

ಅಜ್ಜಾ,

ಅವರು ಬಾಗಿಲು ಮುಚ್ಚಿದರು.

ಮೊನ್ನೆ ಶಾಲೆಯಿಂದ ನನ್ನನ್ನು ಕರೆಸಿಕೊಂಡರು. ಸ್ಪರ್ಧೆಯ ಸಂಚಾಲಕಿ ಮೇಡಂ ಕಾರಿನಲ್ಲಿ ಕಾಯುತ್ತಿದ್ದರು, ನಿನಗೊಂದು ಸಂತೋಷದ ಸುದ್ದಿ ತೋರಿಸುತ್ತೇನೆ ಬಾ ಎಂದರು. ನಮ್ಮ ಬೀದಿಗೆ ಬಂದಾಗ ಲಾಂಡ್ರಿಯ ಮುಂದೆ ಪುರಸಭೆಯ ಆರೋಗ್ಯಾಧಿಕಾರಿ, ಫೋಟೋದವರು, ಒಂದಿಬ್ಬರು ಪೊಲೀಸರು ಇದ್ದರು. ಒಳಗಿದ್ದವರನ್ನೆಲ್ಲ ಹೊರಗೆ ಕರೆದು ನಿಲ್ಲಿಸಿದ್ದರು. ಒದ್ದೆ ಏಪ್ರನ್ನಿನಲ್ಲೇ ನಿಂತಿದ್ದರು, ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಬಾಗಿಲಿಗೆ ಬೀಗ ಹಾಕಿ, ದಾರ ಸುತ್ತಿ, ಅರಗು ಕರಗಿಸಿ ಮುದ್ರೆ ಒತ್ತಿದರು. ಗಾಳಿ ಬೆಳಕಿನ ವ್ಯವಸ್ಥೆಯಾಗುವವರೆಗೆ ಎಂದು ಚೀಟಿ ಅಂಟಿಸಿದರು. ನನ್ನನ್ನು ಮುದ್ರೆಯ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆದರು. ನಗು ಎಂದರು. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ, ಫೋಟೋದಲ್ಲಿ ನಕ್ಕಿದ್ದೇನೆ.

ನಾನು ಮೇಡಂ ಹತ್ತಿರ, ನಮಗೆ ಬೇಕಾಗಿದ್ದದ್ದು ಕಿಟಕಿ ಎಂದೆ. ಅವರು ಬಹಳ ಮೃದುವಾಗಿ ಹೇಳಿದರು. ಕಿಟಕಿಗೆ ಅಂದಾಜುಪಟ್ಟಿಯಾಗಬೇಕು, ಅದು ಮಾಲೀಕರ ಗೋಡೆ, ಅವರು ಒಪ್ಪಬೇಕು, ವರ್ಷ ಹಿಡಿಯುತ್ತದೆ. ಅಂತಿಮ ಸುತ್ತು ಮುಂದಿನ ತಿಂಗಳು. ಮುಚ್ಚುವುದಕ್ಕೆ ಒಂದು ಆದೇಶ ಸಾಕಾಯಿತು. “ನೀನು ಕೇಳಿದ್ದನ್ನೇ ಮಾಡಿದ್ದಾರಲ್ಲ ಮರಿ, ಪ್ರಾಂತ್ಯದಲ್ಲೇ ಯಾವ ಕವಿತೆಗೂ ಇಷ್ಟು ಬೇಗ ಫಲ ಸಿಕ್ಕಿಲ್ಲ” ಎಂದರು. ನೀವು ಹೇಳಿದಂತೆ ನಾನು ತಲೆಯಾಡಿಸಲಿಲ್ಲ ಅಜ್ಜ. ಅದರಿಂದ ಏನೂ ಆಗಲಿಲ್ಲ.

ಕಾರು ಹೋದ ಮೇಲೆ ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದೊಡ್ಡಮ್ಮ ಮಾತ್ರ ಹತ್ತಿರ ಬಂದು ನನ್ನ ಸಮವಸ್ತ್ರದ ಕಾಲರು ಸರಿಮಾಡಿ, “ಫೋಟೋ ಚೆನ್ನಾಗಿ ಬರಲಿ ನಾಯಕಿ. ನಾಳೆಯಿಂದ ನಾವು ಅದನ್ನೇ ನೋಡ್ಕೊಂಡು ಊಟ ಮಾಡೋದು” ಎಂದರು.

ಅಮ್ಮ ಮನೆಯಲ್ಲಿದ್ದಾಳೆ. ಪಾತ್ರೆಗಳನ್ನು ತೊಳೆದಿಟ್ಟು ಮತ್ತೆ ತೊಳೆಯುತ್ತಾಳೆ.

ಏನು ಮಾಡಲಿ, ಬೇಗ ಬರೆಯಿರಿ.

ವಕೀಲಮ್ಮ


ಅಕ್ಟೋಬರ್ 8

ಮಗುವಿಗೆ,

ವಿಷಯ: ಲಾಂಡ್ರಿಯ ಬಾಗಿಲು ತೆರೆಸುವ ಬಗ್ಗೆ ನಾನು ಸಲ್ಲಿಸಿದ ಮನವಿ ಮತ್ತು ಅದಕ್ಕೆ ಬಂದ ಉತ್ತರ.

ನಿನ್ನ ಪತ್ರ ಬಂದ ದಿನವೇ ಪುರಸಭೆಗೆ ಮನವಿ ಬರೆದು ನಿನ್ನ ಮಾವನ ಕೈಯಲ್ಲಿ ರಿಜಿಸ್ಟರ್ ಮಾಡಿಸಿದೆ. ಬಾಗಿಲು ತೆರೆಯಬೇಕೆಂದೂ ಕಿಟಕಿ ಇಡಿಸಬೇಕೆಂದೂ ಸವಿನಯವಾಗಿ ಕೋರಿದ್ದೆ. ನಿನ್ನೆ ಉತ್ತರ ಬಂದಿದೆ. ಸದರಿ ಸಂಸ್ಥೆಯನ್ನು ದೂರುದಾರರ ಕೋರಿಕೆಯ ಮೇರೆಗೆ ಮುಚ್ಚಲಾಗಿದ್ದು, ದೂರುದಾರರು ತಮ್ಮ ದೂರು ಸತ್ಯಕ್ಕೆ ದೂರವಾದದ್ದೆಂದು ಲಿಖಿತವಾಗಿ ಹಿಂಪಡೆದಲ್ಲಿ ಮಾತ್ರ ಆದೇಶವನ್ನು ಪುನರ್‌ವಿಮರ್ಶಿಸಬಹುದು. ದೂರುದಾರರು ಅಪ್ರಾಪ್ತರಾದ ಕಾರಣ ಪೋಷಕರ ಸಹಿ ಕಡ್ಡಾಯ. ಅವರ ಭಾಷೆಯಲ್ಲಿ ದೂರುದಾರರು ಎಂದರೆ ನೀನು. ನಿನ್ನ ಕವಿತೆ ಅವರ ಕಡತದಲ್ಲಿ ದೂರು ಎಂದು ದಾಖಲಾಗಿದೆ.

ಮಗೂ, ಕೇಳಿದ್ದನ್ನು ಕೇಳಿದಷ್ಟೇ ಕೊಟ್ಟದ್ದನ್ನು ನಾನು ನನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ. ಎಷ್ಟೋ ಜನರ ಕಣ್ಣೀರನ್ನು ಒಳ್ಳೆಯ ಅಕ್ಷರದಲ್ಲಿ ಬರೆದೆ, ಕೇಳಿದ್ದರಲ್ಲಿ ಅರ್ಧ ದೊರೆತರೆ ಹಬ್ಬ ಎಂದುಕೊಂಡು ಮನೆಗೆ ಹೋಗುತ್ತಿದ್ದರು. ಇದೊಂದನ್ನು ಮಾತ್ರ ಅವರು ಕತ್ತರಿಸಲಿಲ್ಲ.

ನಿನ್ನಿಂದ ತಪ್ಪಾಗಿಲ್ಲ. ಇದನ್ನು ಯಾರು ಕೇಳಿದರೂ ನಾನು ಬರೆದುಕೊಡಲು ಸಿದ್ಧನಿದ್ದೇನೆ.

ಏನು ಮಾಡಬೇಕೆಂದು ತಿಳಿಯದೆ ಕುಳಿತಿರುವ,
ಅಜ್ಜ


ಅಕ್ಟೋಬರ್ 16

ಅಪ್ಪನಿಗೆ,

ನಾನು ಕಾಗದ ಬರೆಯುವವಳಲ್ಲ ಅಂತ ನಿಮಗೆ ಗೊತ್ತು. ಬೆರಳು ಬಿರುಕು ಬಿಟ್ಟು ಪೆನ್ನು ಹಿಡಿಯೋಕೆ ಆಗ್ತಿರಲಿಲ್ಲ, ಈಗ ಸ್ವಲ್ಪ ಮಾಗಿದೆ.

ನಿಮಗೆ ಬಂದ ಉತ್ತರವನ್ನು ಅವಳು ನನಗೆ ಓದಿ ಹೇಳಿದಳು. ಮಾಲೀಕರೂ ಹೇಳಿ ಕಳಿಸಿದ್ದಾರೆ. ಆ ಕಾಗದ ಬಂದರೆ ಎಲ್ಲರನ್ನೂ ವಾಪಸ್ ತಗೋತಾರಂತೆ, ಬರದಿದ್ದರೆ ಬೇರೆ ಊರಲ್ಲಿ ತೆರೀತಾರಂತೆ. ಇಲ್ಲಿ ಕೆಲವರ ಮನೆಯಲ್ಲಿ ಒಲೆ ಸರಿಯಾಗಿ ಉರೀತಿಲ್ಲ. ಬೀದಿ ನಲ್ಲಿಯ ಹತ್ತಿರ ನಾನು ಹೋದರೆ ಮಾತು ನಿಂತುಹೋಗತ್ತೆ. ಮೊನ್ನೆ ನಮ್ಮ ಬಿಂದಿಗೆಯನ್ನು ಸಾಲಿನಿಂದ ಯಾರೋ ಪಕ್ಕಕ್ಕೆ ಎತ್ತಿಟ್ಟಿದ್ದರು. ದೊಡ್ಡಮ್ಮ ಅದನ್ನು ಮತ್ತೆ ಸಾಲಿಗೆ ಇಟ್ಟರು, ಆದರೆ ನನ್ನ ಮುಖ ನೋಡಲಿಲ್ಲ.

ಅವಳು ಅಂತಿಮ ಸುತ್ತಿಗೆ ಹೋಗಲ್ಲ ಅಂತಾಳೆ. ಶಾಲೆಯಿಂದ ಬಂದು ಗೋಡೆ ಕಡೆ ತಿರುಗಿ ಕೂತಿರ್ತಾಳೆ. ತಾನು ಬರೆದದ್ದು ಸುಳ್ಳು ಅಂತ ತಾನೇ ಬರೆದುಕೊಡ್ತೀನಿ ಅಂತ ನಿನ್ನೆ ಹಾಳೆ ತೆಗೆದು ಕೂತಿದ್ದಳು. ನಾನು ಹಾಳೆ ಕಸಿದುಕೊಂಡೆ. ಅಪ್ಪಾ, ಅವಳ ಕೈಯಲ್ಲಿ ಬರೆಸಬೇಡಿ. ಅವಳು ಬರೆದದ್ದು ನಿಜ. ಅದನ್ನು ಸುಳ್ಳು ಅಂತ ಒಂದು ಸಲ ಅವಳ ಕೈಯಲ್ಲೇ ಬರೆದರೆ ಆಮೇಲೆ ಏನು ಬರೆದರೂ ಅವಳಿಗೆ ನಂಬಿಕೆ ಬರಲ್ಲ. ನೀವು ಬರೆಯಿರಿ. ಸುಳ್ಳು ನಿಮ್ಮ ಅಕ್ಷರದಲ್ಲಿರಲಿ, ಸಹಿ ನಂದಿರಲಿ.

ಇನ್ನೊಂದು ಮಾತು. ಮನೆಯಲ್ಲಿ ಕೂತ ಮೇಲೆ ನನ್ನ ಕೆಮ್ಮು ಕಡಿಮೆಯಾಗಿದೆ. ಈಗ ಮೆಟ್ಟಿಲು ಹತ್ತಿದರೆ ನಿಲ್ಲಬೇಕು ಅನ್ನಿಸಲ್ಲ. ಅವಳಿಗೆ ಇದನ್ನು ಹೇಳಿಲ್ಲ. ನೀವೂ ಹೇಳಬೇಡಿ. ಹೇಳಿದರೆ ನನ್ನನ್ನು ಹೋಗೋಕೆ ಬಿಡಲ್ಲ.

ನಿಮ್ಮ ಮಗಳು


ಅಕ್ಟೋಬರ್ 22

ನನ್ನ ಮಗಳಿಗೆ,

ನೀನು ಕೇಳಿದ ಹಿಂಪಡೆಯುವ ಪತ್ರವನ್ನು ಇದರೊಂದಿಗೆ ಇಟ್ಟಿದ್ದೇನೆ. ಸಹಿ ಹಾಕಬೇಕಾದ ಜಾಗದಲ್ಲಿ ಪೆನ್ಸಿಲಿನ ಗುರುತು ಮಾಡಿದ್ದೇನೆ.

‘ಸದರಿ ಕವಿತೆಯಲ್ಲಿ ವರ್ಣಿತವಾದ ಕೆಮ್ಮು ಕವಿಸಹಜವಾದ ಕಲ್ಪನೆಯಾಗಿದ್ದು, ಕೆಳಗೆ ಸಹಿ ಮಾಡಿರುವ ತಾಯಿಯಾದ ನಾನು ಸಂಪೂರ್ಣ ಆರೋಗ್ಯವಂತಳಾಗಿದ್ದೇನೆ’ ಎಂಬ ವಾಕ್ಯವನ್ನು ಬರೆಯುವುದಕ್ಕೆ ನನಗೆ ಒಂದು ಬೆಳಗು ಪೂರ್ತಿ ಹಿಡಿಯಿತು. ಇಂತಹ ವಾಕ್ಯ ಕಟ್ಟುವುದು ನನಗೆ ಕಷ್ಟದ ಕೆಲಸವಲ್ಲ. ಸಲೀಸಾಗಿ ಬಂತು. ಶಾಯಿ ಒಣಗಿದ ಮೇಲೂ ಅದನ್ನು ನೋಡುತ್ತಾ ಕುಳಿತದ್ದೇ ಹೆಚ್ಚು ಹೊತ್ತು.

ಕೊನೆಯಲ್ಲಿ ಕಿಟಕಿಯೊಂದನ್ನು ಇಡಿಸಬೇಕೆಂಬ ಪ್ರಾರ್ಥನೆಯನ್ನೂ ಸೇರಿಸಿದ್ದೆ. ಆಮೇಲೆ ತೆಗೆದು, ಹಾಳೆಯನ್ನು ಹೊಸದಾಗಿ ಬರೆದೆ. ಕೆಮ್ಮೇ ಇಲ್ಲದವರಿಗೆ ಕಿಟಕಿ ಏಕೆ ಎಂದು ಅವರು ಕೇಳುತ್ತಾರೆ. ಕೇಳಿದರೆ ನಮ್ಮ ಬಳಿ ಉತ್ತರವಿಲ್ಲ.

ಇದನ್ನು ಕೊಡಬೇಡ ಎಂದು ಹೇಳುವ ಅಧಿಕಾರ ಅಪ್ಪನಾದ ನನಗೆ ಇದೆ. ಹೇಳಿದರೆ ನೀನು ಕೇಳುವವಳಲ್ಲ ಎಂಬುದೂ ಗೊತ್ತಿದೆ. ಬ್ಲೀಚಿನ ತೊಟ್ಟಿಯ ಬಳಿಯಿಂದ ಇಸ್ತ್ರಿಯ ಕಡೆಗೆ ಬದಲಾಯಿಸಿಕೊಡುವಂತೆ ಮಾಲೀಕರನ್ನು ಬಾಯಿಮಾತಿನಲ್ಲಾದರೂ ಕೇಳು. ದಯವಿಟ್ಟು ಕೇಳು.

ಅಪ್ಪ


ನವೆಂಬರ್ 30

ಅಜ್ಜನವರಿಗೆ,

ಲಾಂಡ್ರಿ ತೆರೆದಿದೆ. ಅಮ್ಮ ತೊಟ್ಟಿಯ ಹತ್ತಿರವೇ ಇದ್ದಾಳೆ. ಇಸ್ತ್ರಿಯ ಕಡೆಗೆ ಹಾಕಿ ಎಂದು ಕೇಳಿದ್ದಕ್ಕೆ, “ನೀನು ಸಂಪೂರ್ಣ ಆರೋಗ್ಯವಂತಳಲ್ವಾ, ನೀನೇ ಬರ್ಕೊಟ್ಟಿದ್ದೀಯ” ಎಂದರಂತೆ ಮಾಲೀಕರು. ಎಲ್ಲರೂ ಈಗ ಅಮ್ಮನ ಹತ್ತಿರ ಮಾತಾಡುತ್ತಾರೆ. ನಲ್ಲಿಯ ಸಾಲಿನಲ್ಲಿ ಬಿಂದಿಗೆಯನ್ನು ಯಾರೂ ಎತ್ತಿಡುವುದಿಲ್ಲ.

ಅಂತಿಮ ಸುತ್ತಿಗೆ ನಾನು ಹೋಗಲಿಲ್ಲ. ಸ್ಪರ್ಧೆಯವರ ವಿಶೇಷ ಸಂಚಿಕೆ ಅಷ್ಟರಲ್ಲಿ ಅಚ್ಚಾಗಿತ್ತು. ಮುದ್ರೆಯ ಪಕ್ಕದಲ್ಲಿ ನಾನು ನಗುತ್ತಿರುವ ಫೋಟೋ, ಕೆಳಗೆ ‘ಒಂದು ಕವಿತೆ, ಒಂದು ಬದಲಾವಣೆ’ ಎಂದು ಹಾಕಿದ್ದಾರೆ. ಶಾಲೆಯಲ್ಲಿ ಹಂಚಿದರು. ಅದಾದ ಮೇಲೆ ಸಂಚಾಲಕಿ ಮೇಡಂ ಪತ್ರ ಬಂತು. ಕವಿತೆ ವಾಸ್ತವಕ್ಕೆ ದೂರವಾದದ್ದೆಂದು ಪೋಷಕರೇ ತಿಳಿಸಿರುವುದರಿಂದ ಪ್ರತಿನಿಧಿಯ ಸ್ಥಾನವನ್ನು ಬೇರೆಯವರಿಗೆ ಕೊಟ್ಟಿದ್ದಾರಂತೆ. ಮುಂದೆ ಬರೆಯುವಾಗ ಸತ್ಯಕ್ಕೆ ಹತ್ತಿರವಾಗಿ ಬರೆಯಬೇಕೆಂದು ಕಿವಿಮಾತೂ ಹೇಳಿದ್ದಾರೆ.

ಅಮ್ಮ ಸಹಿ ಹಾಕಿದ ಕಾಗದವನ್ನು ನಾನು ಓದಿದೆ. ಬಹಳ ಚೆನ್ನಾಗಿ ಬರೆದಿದ್ದೀರಿ. ಅಕ್ಷರ ಒಂದಾದರೂ ಓರೆಯಾಗಿಲ್ಲ.

ಇನ್ನು ಮುಂದೆ ನಾನು ಬರೆಯುವುದಿಲ್ಲ. ನಿಮ್ಮ ಆರೋಗ್ಯ ನೋಡಿಕೊಳ್ಳಿ.

ನಿಮ್ಮ ಮೊಮ್ಮಗಳು


ಏಪ್ರಿಲ್ 2

ಮಗೂ,

ನಿನ್ನಮ್ಮನ ಕಾರ್ಯ ಮುಗಿಸಿಕೊಂಡು ನಾನು ಕ್ಷೇಮವಾಗಿ ಬಂದು ತಲುಪಿದೆ. ನಿನ್ನ ಮಾವ ಬಸ್ಸಿನಲ್ಲಿ ನನ್ನನ್ನು ಮಗುವಿನ ಹಾಗೆ ಹಿಡಿದು ಕೂರಿಸಿಕೊಂಡು ಬಂದ.

ನಿಮ್ಮ ಮನೆಯಲ್ಲಿದ್ದ ಆ ದಿನಗಳಲ್ಲಿ ನಿನ್ನ ಜೊತೆ ಕೂತು ಹೇಳಬೇಕೆಂದುಕೊಂಡ ಮಾತುಗಳನ್ನು ಹೇಳಲಿಲ್ಲ. ಜನ ಬಂದು ಹೋಗುತ್ತಿದ್ದರು. ನೀನು ಅವಳ ಬಟ್ಟೆಗಳನ್ನು ಮಡಚುತ್ತಿದ್ದೆ. ಲಾಂಡ್ರಿಯಲ್ಲಿ ಮಡಚುವ ಹಾಗೆ ಅಂಚಿಗೆ ಅಂಚು ಕೂಡಿಸಿ ಮಡಚುತ್ತಿದ್ದೆ. ಅದನ್ನು ನೋಡಿ ನಾನು ಎದ್ದು ಜಗುಲಿಗೆ ಹೋದೆ.

ನೀನು ತಿಳಿಯಲೇಬೇಕಾದ ಒಂದು ಸಂಗತಿಯಿದೆ. ಬಾಗಿಲು ಮುಚ್ಚಿದ್ದ ದಿನಗಳಲ್ಲಿ ನಿನ್ನಮ್ಮನ ಕೆಮ್ಮು ಕಡಿಮೆಯಾಗಿತ್ತು. ಅವಳೇ ನನಗೆ ಬರೆದಿದ್ದಳು, ನಿನಗೆ ಹೇಳಬಾರದೆಂದು ಕೇಳಿಕೊಂಡಿದ್ದಳು. ನಾನು ಅದನ್ನು ಓದಿದ ಮೇಲೆ ಆ ಪತ್ರವನ್ನು ಬರೆದೆ. ಓದುವ ಮೊದಲಲ್ಲ, ಓದಿದ ಮೇಲೆ. ಅಂದರೆ ನಿನ್ನ ಕವಿತೆ ಹೇಳಿದ್ದು ನಿಜವಾಗಿತ್ತು, ಕೇಳಿದ್ದೂ ಅಷ್ಟೇನೂ ತಪ್ಪಾಗಿರಲಿಲ್ಲ.

ಸಾವಿಗೆ ಎದೆಯ ರೋಗವೇ ಕಾರಣವೆಂದು ಆಸ್ಪತ್ರೆಯವರು ಬರೆದುಕೊಟ್ಟ ಮೇಲೂ ಮಾಲೀಕರು ಪರಿಹಾರ ಕೊಡಲು ಒಪ್ಪದೆ, ನಮ್ಮದೇ ಪತ್ರವನ್ನು ಮುಂದಿಟ್ಟು, ಕೆಮ್ಮು ಇರಲಿಲ್ಲವೆಂದು ಇವರೇ ಹೇಳಿದ್ದಾರಲ್ಲ ಎಂದರೆಂದು ನಿನ್ನ ಮಾವ ಹೇಳಿದ. ಅದರ ವಿರುದ್ಧ ಮೇಲ್ಮನವಿ ಬರೆಯಬಹುದು. ನೀನು ಒಪ್ಪಿದರೆ ಬರೆಯುತ್ತೇನೆ. ಒಪ್ಪದಿದ್ದರೆ ಬರೆಯುವುದಿಲ್ಲ. ಇಲ್ಲಿಗೆ ಬಂದು ನಮ್ಮ ಜೊತೆ ಇರು, ಓದು ಮುಂದುವರಿಸು ಎಂದು ನಿನ್ನ ಮಾವನೂ ಅತ್ತೆಯೂ ಮನಸಾರೆ ಹೇಳುತ್ತಿದ್ದಾರೆ. ಅದಕ್ಕೂ ಬಲವಂತವಿಲ್ಲ.

ಅಜ್ಜ


ಜುಲೈ 19

ಅಜ್ಜಾ,

ಮೇಲ್ಮನವಿ ಬೇಡ. ನಿಮ್ಮ ಮೇಲೆ ಕೋಪವಿಲ್ಲ. ಇತ್ತು, ಈಗ ಅದಕ್ಕೆ ಹೊತ್ತಿಲ್ಲ. ನಾನು ಅಲ್ಲಿಗೆ ಯಾಕೆ ಬರಲಿಲ್ಲ ಎನ್ನುವುದನ್ನು ಮಾತ್ರ ತಿಳಿಸುತ್ತೇನೆ.

ತಾಯಿ ಹೋದರೆ ಆ ಜಾಗಕ್ಕೆ ಮಗಳನ್ನು ಕರೆಯುವುದು ಲಾಂಡ್ರಿಯಲ್ಲಿ ಮೊದಲಿನಿಂದಲೂ ಇದೆ. ದೊಡ್ಡಮ್ಮ ಬಂದು ಕರೆದರು. ಬರೋದು ಬಿಡೋದು ನಿನ್ನಿಷ್ಟ, ಆದರೆ ನೀನು ಬರದೇ ಇದ್ದರೆ ಆ ಜಾಗಕ್ಕೆ ಹೊರಗಿನವರು ಬರ್ತಾರೆ ಎಂದರು. ಶಾಲೆ ಬಿಟ್ಟೆ. ಮೇ ತಿಂಗಳಿನಿಂದ ಅಮ್ಮನ ಏಪ್ರನ್ ಹಾಕಿಕೊಂಡು ಬ್ಲೀಚಿನ ತೊಟ್ಟಿಯ ಪಕ್ಕದಲ್ಲೇ ನಿಂತೆ. ಮೊದಲ ವಾರ ಕಣ್ಣು ಬಿಡಲು ಆಗುತ್ತಿರಲಿಲ್ಲ. ಆಮೇಲೆ ಆಗತೊಡಗಿತು. ಅಭ್ಯಾಸ ಎಂದು ಅಮ್ಮ ಹೇಳುತ್ತಿದ್ದದ್ದು ಏನೆಂದು ಅರ್ಥವಾದ ದಿನ ನನಗೆ ಬಹಳ ಹೆದರಿಕೆಯಾಯಿತು.

ಅದನ್ನು ದೊಡ್ಡಮ್ಮನಿಗೆ ಹೇಳಿದೆ. ಅವರು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, “ಹಾಗಾದ್ರೆ ಗೋಡೆ ಒಡೆಯೋದೇ” ಎಂದರು. ಯಾರನ್ನು ಕೇಳಬೇಕು ಎಂದೆ. “ಕೇಳಿದ್ದು ಸಾಕಾಗ್ಲಿಲ್ವಾ ನಿಂಗೆ?” ಎಂದರು.

ಎಲ್ಲರೂ ಕೂಡಿ ಮಾತಾಡಿದೆವು. ಅಂಗಳದಲ್ಲಿ, ನಾನು ಹೋದ ವರ್ಷ ಕವಿತೆ ಓದಿದ ಕಡೆಯಲ್ಲೇ. ಒಡೆಯುವುದು ಕಷ್ಟವಲ್ಲ, ಒಡೆದ ಮೇಲೆ ಯಾರು ಎಂದು ಕೇಳುತ್ತಾರೆ, ಆಗ ಒಂದು ಹೆಸರು ಬೇಕಾಗುತ್ತದೆ ಎಂದು ಯಾರೋ ಅಂದರು. ಮೂಲೆಯ ಮನೆಯ ಅಕ್ಕನಿಗೆ ಹಾಲು ಕುಡಿಯುವ ಮಗುವಿದೆ. ದೊಡ್ಡಮ್ಮನ ಗಂಡ ಹಾಸಿಗೆ ಹಿಡಿದಿದ್ದಾರೆ. ಹೀಗೆ ಒಬ್ಬೊಬ್ಬರದೂ ಒಂದೊಂದು. ನನಗೆ ಯಾರೂ ಇಲ್ಲ, ನನ್ನ ಹೆಸರು ಹೇಳಿ ಎಂದೆ. ಯಾರೂ ಬೇಡ ಎನ್ನಲಿಲ್ಲ ಅಜ್ಜ. ಅದಕ್ಕೆ ಅವರನ್ನು ತಪ್ಪು ತಿಳಿಯಬೇಡಿ, ನಾನೂ ತಿಳಿದಿಲ್ಲ. ದೊಡ್ಡಮ್ಮ ಮಾತ್ರ ಎದ್ದು ಒಳಗೆ ಹೋದರು.

ಹೋದ ಸೋಮವಾರ ಊಟದ ಬಿಡುವಿನಲ್ಲಿ ಒಡೆದೆವು. ಒದ್ದೆ ಹಾಸುಬಟ್ಟೆಗಳನ್ನು ಎತ್ತುವ ಕಬ್ಬಿಣದ ಸಲಾಕೆಗಳಿವೆಯಲ್ಲ, ಅವುಗಳಿಂದಲೇ. ತೊಟ್ಟಿಯ ಹಿಂದಿನ ಗೋಡೆ ಮೇಲ್ನೋಟಕ್ಕೆ ಗಟ್ಟಿ, ಒಳಗೆ ಇಟ್ಟಿಗೆಯೆಲ್ಲ ಹಬೆ ಕುಡಿದು ಮೆತ್ತಗಾಗಿತ್ತು. ಮೊದಲ ಇಟ್ಟಿಗೆ ಆಚೆ ಬಿದ್ದಾಗ ಒಳಗಿನ ಹಬೆ ಆ ತೂತಿನಿಂದ ಹಗ್ಗದ ಹಾಗೆ ಹೊರಗೆ ಹೋಯಿತು. ಎಲ್ಲರೂ ಸಲಾಕೆ ಇಳಿಸಿ ಅದನ್ನೇ ನೋಡುತ್ತಾ ನಿಂತರು. ಆಮೇಲೆ ಒಬ್ಬೊಬ್ಬರಾಗಿ ಬಂದು ತೂತಿನ ಎದುರು ಮುಖವಿಟ್ಟು ನಿಂತು ಹೋದರು.

ಮಾಲೀಕರು ಬಂದರು. ಯಾರು ಒಡೆದದ್ದು ಎಂದು ಕೇಳಿದರು. ದೊಡ್ಡಮ್ಮ ಬೆರಳು ತೋರಿಸಿ ಹೇಳಿದರು, “ಇವಳೇ ಸ್ವಾಮಿ. ನಮ್ಮ ನಾಯಕಿ.” ಹೋದ ವರ್ಷವೂ ನನ್ನನ್ನು ಹಾಗೆಯೇ ಕರೆದಿದ್ದರು. ಈ ಸಲ ತೋರಿಸಿದ ಬೆರಳನ್ನು ಕೂಡಲೇ ಸೆರಗಿನೊಳಗೆ ಮುಚ್ಚಿಕೊಂಡರು.

ಮಾಲೀಕರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಕೆಮ್ಮೇ ಇಲ್ಲ ಅಂತ ನಿಮ್ಮಮ್ಮ ಬರ್ಕೊಟ್ಟಿದ್ಳಲ್ಲಮ್ಮ. ಮತ್ಯಾಕೆ ಇದು?” ಎಂದರು. ನಾನು ಏಪ್ರನ್ ಬಿಚ್ಚಿ ಕೊಟ್ಟು ಬಂದೆ.

ಈಗ ಕೆಲಸವಿಲ್ಲ. ಬೀದಿಯ ಬೇರೆ ಯಾವ ಕಡೆಯೂ ನನ್ನನ್ನು ಸೇರಿಸಿಕೊಳ್ಳುವುದಿಲ್ಲ, ಮಾಲೀಕರು ಹೇಳಿ ಕಳಿಸಿದ್ದಾರಂತೆ. ಮುಂದಿನ ತಿಂಗಳು ನಿಮ್ಮಲ್ಲಿಗೇ ಬರಬಹುದು, ಮಾವನಿಗೆ ಹೇಳಿಟ್ಟಿರಿ. ಆದರೆ ತೂತು ಇನ್ನೂ ಹಾಗೇ ಇದೆ. ಗೋಡೆ ಕಟ್ಟಿಸಬೇಕಾದರೆ ತೊಟ್ಟಿ ಬರಿದು ಮಾಡಬೇಕು, ಕೆಲಸ ನಿಲ್ಲಿಸಬೇಕು. ಆಸ್ಪತ್ರೆಯ ಬಟ್ಟೆ ಕಾಯುವುದಿಲ್ಲ. ಅದಕ್ಕೆ ಸದ್ಯಕ್ಕೆ ಒಂದು ಗೋಣಿತಾಟು ಇಳಿಬಿಟ್ಟಿದ್ದಾರೆ. ಬೆಳಿಗ್ಗೆ ಒಳಗೆ ಹೋದವರು ಮೊದಲು ಅದನ್ನು ಎತ್ತಿ ಕಟ್ಟುತ್ತಾರೆ, ಮಾಲೀಕರ ಗಾಡಿಯ ಸದ್ದು ಕೇಳಿದರೆ ಇಳಿಸುತ್ತಾರೆ.

ನನ್ನ ಜಾಗದಲ್ಲಿ ಈಗ ದೊಡ್ಡಮ್ಮನ ಕಿರಿಯ ಮಗಳು ನಿಂತಿದ್ದಾಳೆ. ನನಗಿಂತ ಒಂದು ತರಗತಿ ಹಿಂದಿದ್ದವಳು. ಸಂಜೆ ಮನೆಗೆ ಹೋಗುವ ಮುಂಚೆ ನಮ್ಮ ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ. ನಾನು ಅವಳನ್ನು ಒಳಗೆ ಕರೆದು, ಗಟ್ಟಿಯಾಗಿ ಉಸಿರು ಎಳೆದುಕೋ ಎನ್ನುತ್ತೇನೆ. ಎಳೆದುಕೊಳ್ಳುತ್ತಾಳೆ. ಕಿವಿಯನ್ನು ಅವಳ ಬೆನ್ನಿಗಿಟ್ಟು ಕೇಳುತ್ತೇನೆ. ಇನ್ನೂ ಏನೂ ಕೇಳಿಸಿಲ್ಲ.

ನಿಮ್ಮ,
ವಕೀಲಮ್ಮ